ಕುಸುಮಾವತಿಯ ಹೆಗಲಿನ ಬೂದಿ

ಬ್ರಹ್ಮಾವರದಿಂದ ಹೊಳೆಯ ಕಡೆಗೆ ಎರಡು ಮೈಲಿ ನಡೆದರೆ ಒಂದು ಸಣ್ಣ ಇಗರ್ಜಿ ಸಿಗುತ್ತದೆ. ಅಲ್ಲಿ ಕುಸುಮಾವತಿಯನ್ನು ಬಲ್ಲವರು ಇನ್ನೂ ಕೆಲವರಿದ್ದಾರೆ. ಕೇಳಿ ನೋಡಿ, ಕೊಡುಗೈ ಹೆಂಗಸು, ದೇವರ ಭಯ ಇದ್ದವಳು ಅಂತ ಒಂದೇ ಬಾಯಲ್ಲಿ ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕೈ ಬಿಚ್ಚಿದ್ದು ಯಾಕೆ ಅಂತ ಗೊತ್ತಾದರೆ, ಅವಳು ಬಡಿಸಿದ್ದನ್ನು ಉಂಡವರಿಗೆ ಈಗಲೂ ಬಿಕ್ಕಳಿಕೆ ಬಂದೀತು. ಕುಸುಮಾವತಿ ಕೊಡಲು ಕಲಿತದ್ದು ಹಗೆ ಸಾಧಿಸುವುದಕ್ಕೆ.

ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ವರ್ಷ, ಎಂದರೆ ಸಾವಿರದ ಒಂಬೈನೂರ ಐವತ್ತಾರರಲ್ಲಿ, ಅವಳಿಗೆ ಮೂವತ್ತೆರಡು. ಗಂಡ ಜ್ವರದಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಹನ್ನೊಂದು ವರ್ಷದ ಮಗಳು ವನಜಳನ್ನು ಕಟ್ಟಿಕೊಂಡು, ತೆಂಗಿನ ಗರಿ ಹೆಣೆದು ಮನೆಗಳಿಗೆ ಮಾಡು ಹೊದಿಸುವ ಮಡಲು ಮಾಡಿಕೊಟ್ಟು ಬದುಕುತ್ತಿದ್ದಳು. ಬೇಲಿಯ ಆಚೆ ಪ್ರೇಮಾನಂದನ ಮನೆ. ಅವನು ಸಭೆಯ ಹಿರಿಯರಲ್ಲಿ ಒಬ್ಬ. ಪಾದ್ರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾದರೂ ಅವನು ಬದಲಾಗುತ್ತಿರಲಿಲ್ಲ. ಮಕ್ಕಳಿಲ್ಲ. ಹೆಂಡತಿ ಸುಂದರಿ ಗಂಡನ ಮುಖ ನೋಡಿ ಮಾತಾಡುವವಳು, ಎಂದರೆ ಮಾತಾಡದವಳು. ಕುಸುಮಾವತಿ ಅವನನ್ನು ‘ಪ್ರೇಮಾನಂದಣ್ಣ’ ಎಂದೇ ಕರೆಯುತ್ತಿದ್ದಳು.

ಆ ಮಳೆಗಾಲದಲ್ಲಿ ಅವಳ ಗೊಬ್ಬರಗುಂಡಿಯ ಬದಿಯಲ್ಲಿ ಒಂದು ಬೂದುಗುಂಬಳದ ಬಳ್ಳಿ ಹುಟ್ಟಿತು. ಬಳ್ಳಿಗೆ ಬೇಲಿಯ ಲೆಕ್ಕ ಎಲ್ಲಿದೆ? ಅದು ಬೇಲಿ ಹತ್ತಿ, ಪ್ರೇಮಾನಂದನ ದನದ ಹಟ್ಟಿಯ ಮಾಡಿನ ಮೇಲೆ ಹರಿದು, ಅಲ್ಲಿ ಒಂದೇ ಒಂದು ಕಾಯಿ ಬಿಟ್ಟಿತು. ಆ ಒಂದು ಕಾಯಿ ಹತ್ತರ ಗಾತ್ರಕ್ಕೆ ಬೆಳೆಯಿತು. ಬೇರು ಯಾರ ನೆಲದಲ್ಲೋ ಕಾಯಿ ಅವರದ್ದು. ಇದಕ್ಕೆ ನಮ್ಮ ಕಡೆ ಯಾವತ್ತೂ ಪಂಚಾಯಿತಿ ಸೇರಿದ್ದಿಲ್ಲ. ಕುಸುಮಾವತಿ ಹಾಡುಹಗಲಲ್ಲೇ ಏಣಿ ಇಟ್ಟು ಹತ್ತಿ ಕಾಯಿ ಇಳಿಸಿದಳು. ಏಣಿ ಜಾರದ ಹಾಗೆ ಹಿಡಿದುಕೊಂಡವಳು ಸ್ವತಃ ಸುಂದರಿ.

ನವೆಂಬರಿನಲ್ಲಿ ಬೆಳೆಹಬ್ಬ. ಪ್ರತಿ ಮನೆಯವರೂ ಆ ವರ್ಷದ ಮೊದಲ ಫಲವನ್ನು ಇಗರ್ಜಿಗೆ ತಂದು ವೇದಿಕೆಯ ಮುಂದೆ ಇಡುತ್ತಾರೆ. ಭತ್ತದ ಕದಿರು, ಹರಿವೆ ಕಟ್ಟು, ಕೋಳಿ, ಮೊಟ್ಟೆ, ಎಲ್ಲ ಬರುತ್ತದೆ. ನಡುಮಧ್ಯದ ಜಾಗ ಪ್ರೇಮಾನಂದನ ಬಾಳೆಗೊನೆಗೆ ಎಂದು ವಾಡಿಕೆಯಾಗಿತ್ತು. ಆ ವರ್ಷ ಬಂದ ಹೊಸ ಪಾದ್ರಿ ಅಯ್ಯನವರಿಗೆ ಈ ವಾಡಿಕೆ ಯಾರು ಹೇಳಬೇಕು? ಕುಸುಮಾವತಿ ಹೆಗಲ ಮೇಲೆ ಹೊತ್ತು ತಂದ ಕುಂಬಳಕಾಯಿಯ ಗಾತ್ರ ನೋಡಿ ಖುಷಿಯಾಗಿ, ಬಾಳೆಗೊನೆಯನ್ನು ಬದಿಗೆ ಸರಿಸಿ, ಅದನ್ನು ತಾವೇ ನಡುವಿಗೆ ಇಟ್ಟುಬಿಟ್ಟರು. ಪ್ರೇಮಾನಂದನ ಮುಖ ಹುಳಿ ಹಿಂಡಿದ ಹಾಲಿನ ಹಾಗಾಯಿತು.

ಆರಾಧನೆ ಮುಗಿದ ಮೇಲೆ ಕಾಣಿಕೆ ತಂದವರಿಗೆ ವಂದನೆ ಹೇಳುವುದು ಹಿರಿಯರ ಕೆಲಸ. ಅವನು ಎದ್ದು ನಿಂತು, ಎಲ್ಲರ ಹೆಸರು ಹೇಳಿ, ಕೊನೆಗೆ ಕುಂಬಳಕಾಯಿಯನ್ನು ನೋಡಿದ.

“ಯಾರ್ ಮಾಡಿನ ಮೇಲಿನ ಕಾಯಿ ಯಾರ್ ಹೆಗಲ ಮೇಲೆ ಬಂತ್ ಅಂದೇಳಿ ನಾನ್ ಕೇಂತಿಲ್ಲೆ. ದೇವ್ರಿಗೆ ಬಂತಲೆ, ಸಾಕ್.”

ಬೂದುಗುಂಬಳಕ್ಕೆ ಮೈಯೆಲ್ಲ ಬಿಳಿ ಬೂದಿ. ದಾರಿಯುದ್ದಕ್ಕೂ ಹೊತ್ತು ತಂದವಳ ಹೆಗಲಿಗೆ ಅದು ಮೆತ್ತಿಕೊಂಡು ಒಂದೇ ಸಮನೆ ತುರಿಸುತ್ತಿತ್ತು. ಹೆಗಲು ಎಂಬ ಮಾತು ಕಿವಿಗೆ ಬಿದ್ದ ಹೊತ್ತಿಗೇ ಕುಸುಮಾವತಿಯ ಕೈ ಹೆಗಲಿಗೆ ಹೋಯಿತು, ಬೂದಿ ಕೊಡವಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಹುಟ್ಟಿದಲಾಗಾಯ್ತು ಕೇಳಿದ ಜನ ಅವರು. ಅವರ ಕಣ್ಣೆದುರಿಗೇ ಗಾದೆ ನಡೆದುಹೋಯಿತು. ಮೊದಲು ಹೆಂಗಸರ ಸಾಲಿನಲ್ಲಿ ಕಿಸಕ್ ಎಂದಿತು, ಆಮೇಲೆ ಗಂಡಸರ ಸಾಲಿನಲ್ಲೂ.

“ಕಾಣಿ, ನಾನ್ ಯಾರ್ ಹೆಸ್ರೂ ಹೇಳ್ಲಿಲ್ಲ,” ಎಂದು ಪ್ರೇಮಾನಂದ ಕೂತ.

ಕುಸುಮಾವತಿ ಸುಂದರಿಯನ್ನು ನೋಡಿದಳು. ಏಣಿ ಹಿಡಿದವಳು ತಲೆ ತಗ್ಗಿಸಿ ಹಾಡಿನ ಪುಸ್ತಕದ ಹೊದಿಕೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಬೇರು ನನ್ನ ಬದಿಯದ್ದು ಎಂದು ಕುಸುಮಾವತಿ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆ ವಾರವೇ ಪ್ರೇಮಾನಂದ ಹಟ್ಟಿ ಮಾಡು ಸರಿಮಾಡುವ ನೆಪದಲ್ಲಿ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿಸಿದ; ಬೇರಿನ ಸಾಕ್ಷಿಯೂ ಹೋಯಿತು. ಹಿರಿಯರು ಸೇರಿ ಆರು ತಿಂಗಳು ಅವಳಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಪಂಕ್ತಿಯಲ್ಲಿ ಜಾಗ ಇಲ್ಲ ಎಂದು ತೀರ್ಮಾನ ಮಾಡಿದರು. ಶಾಲೆಯಲ್ಲಿ ಮಕ್ಕಳು ವನಜಳನ್ನು ಕಂಡರೆ ಹೆಗಲು ಮುಟ್ಟಿಕೊಂಡು ಓಡುತ್ತಿದ್ದರು. ಆ ಇಗರ್ಜಿಯಲ್ಲಿ, ಅದೇ ಜಾಗದಲ್ಲಿ ನಿಂತು, ಅದೇ ಬಾಯಿಂದ ಅವನು ‘ನಾನು ಸುಳ್ಳು ಹೇಳಿದೆ’ ಎನ್ನಬೇಕು. ಕುಸುಮಾವತಿಗೆ ಬದುಕಿನಲ್ಲಿ ಇನ್ನೇನೂ ಬೇಡವಾಯಿತು. ಅವತ್ತಿನಿಂದ ಅವಳು ಅವನನ್ನು ಅಣ್ಣ ಎನ್ನುವುದನ್ನೂ ಬಿಟ್ಟಳು.

ಹೇಗೆ ಹೇಳಿಸುವುದು? ದಾರಿ ಪಾದ್ರಿ ಅಯ್ಯನವರೇ ತೋರಿಸಿಕೊಟ್ಟರು, ಪಾಪ, ತಮಗೆ ಗೊತ್ತಿಲ್ಲದೆ. ಹೊಸ ವರ್ಷದ ಒಂದು ಭಾನುವಾರ ಅವರ ಪ್ರಸಂಗ ವೈರಿಯ ಬಗ್ಗೆ. ವೈರಿ ಹಸಿದರೆ ಉಣ್ಣಲು ಕೊಡಿ, ಬಾಯಾರಿದರೆ ಕುಡಿಯಲು ಕೊಡಿ; ಹಾಗೆ ಮಾಡಿದರೆ ಅವನ ತಲೆಯ ಮೇಲೆ ಕೆಂಡ ರಾಶಿ ಹಾಕಿದ ಹಾಗಾಗುತ್ತದೆ ಎಂದರು. ಅರ್ಧ ನಿದ್ದೆಯಲ್ಲಿದ್ದ ಕುಸುಮಾವತಿ ನೆಟ್ಟಗೆ ಕೂತಳು. ಕೆಂಡ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೇರಿಯಲ್ಲಿ ಬೆಳಗಾದರೆ ತೆಂಗಿನ ಗೆರಟೆ ಹಿಡಿದು ಒಬ್ಬರ ಮನೆಯಿಂದ ಇನ್ನೊಬ್ಬರು ಒಲೆಗೆ ಕೆಂಡ ಕೊಂಡು ಹೋಗುತ್ತಿದ್ದ ಕಾಲ ಅದು. ಒಂದು ಕೆಂಡ ಕೈಗೆ ಸಿಡಿದರೇ ಮೂರು ದಿನ ಉರಿ. ತಲೆಯ ಮೇಲೆ ರಾಶಿ ಬಿದ್ದರೆ ಮನುಷ್ಯ ಸತ್ಯ ಹೇಳದೆ ಎಲ್ಲಿಗೆ ಹೋಗುತ್ತಾನೆ? ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅಯ್ಯನವರನ್ನು ತಡೆದು, ಒಂದು ಸಲ ಕೊಟ್ಟರೆ ಸಾಕೋ, ಕೊಡುತ್ತಲೇ ಇರಬೇಕೋ ಎಂದು ಕೇಳಿದಳು. ಅಯ್ಯನವರ ಕಣ್ಣು ತುಂಬಿತು. ಕೊಡುತ್ತಲೇ ಇರಬೇಕು ತಾಯಿ ಎಂದರು.

ಮುಂದಿನ ಮಳೆಗಾಲ ಅವಳು ಬೇಕೆಂದೇ ಬೂದುಗುಂಬಳ ನೆಟ್ಟಳು. ಬೆಳೆಹಬ್ಬದ ಹಿಂದಿನ ದಿನ ಅದರಲ್ಲಿ ದೊಡ್ಡದನ್ನು ಆರಿಸಿ ಹೆಗಲಿಗೇರಿಸಿದಳು. ಬೇಲಿ ದಾಟಿದರೆ ಪ್ರೇಮಾನಂದನ ಮನೆ, ಇಪ್ಪತ್ತು ಹೆಜ್ಜೆ. ಅವಳು ಆ ದಾರಿ ಹಿಡಿಯಲಿಲ್ಲ. ಕೇರಿಯೆಲ್ಲ ಸುತ್ತಿ, ಇಗರ್ಜಿಯ ಮುಂದಿನಿಂದ ಹಾದು, ಅಂಗಡಿಯ ಜಗಲಿಯಲ್ಲಿ ಕೂತವರ ಕಣ್ಣೆದುರಿಗೆ ನಡೆದು, ಅವನ ಚಾವಡಿಯಲ್ಲಿ ಕಾಯಿ ಇಳಿಸಿ ಬಂದಳು. ಹೆಗಲಿನ ಬೂದಿಯನ್ನು ಕೊಡವಲಿಲ್ಲ. ಮಾರನೆಯ ದಿನ ಅದೇ ಸೀರೆಯಲ್ಲೇ ಇಗರ್ಜಿಗೆ ಹೋಗಿ ಕೂತಳು. ನೋಡಲಿ, ಎಲ್ಲರೂ ನೋಡಲಿ ಎಂಬುದು ಅವಳ ಹಠ. ಪ್ರೇಮಾನಂದ ಕಾಯಿಯನ್ನು ಬೇಡ ಎನ್ನಲಿಲ್ಲ, ಹುಳಿ ಮಾಡಿಸಿ ಉಂಡ.

ವರ್ಷಕ್ಕೊಂದು ಕುಂಬಳಕಾಯಿಗೆ ಎಷ್ಟು ಕೆಂಡ ಬಿದ್ದೀತು? ಸಾಲದು ಅನ್ನಿಸಿತು. ಬಸಳೆ ಚಪ್ಪರದ ಮೊದಲ ಕುಡಿ ಅವನ ಮನೆಗೆ ಹೋಯಿತು. ಕೋಳಿಯ ಮೊದಲ ಮೊಟ್ಟೆ ಹೋಯಿತು. ಸುಂದರಿ ಕಾಲು ಉಳುಕಿಸಿಕೊಂಡಾಗ ಹದಿನೈದು ದಿನ ಗಂಜಿ, ಚಟ್ನಿ ಹೋಯಿತು. ಪ್ರತಿ ಸಲವೂ ಅವಳು ಅವನ ತಲೆಯನ್ನೇ ನೋಡುತ್ತಿದ್ದಳು. ಮೂರನೇ ವರ್ಷಕ್ಕೆ ಅವನ ನೆತ್ತಿಯ ಕೂದಲು ಉದುರತೊಡಗಿತು. ಕುಸುಮಾವತಿಗೆ ಹಿಡಿಸಲಾರದ ಸಂತೋಷ. ಆ ವಾರ ಎರಡು ಮೊಟ್ಟೆ ಹೆಚ್ಚು ಕಳಿಸಿದಳು. ಐದನೇ ವರ್ಷಕ್ಕೆ ತಲೆ ಪೂರ್ತಿ ಬೋಳಾಗಿ ಬಿಸಿಲಿಗೆ ಹೊಳೆಯುತ್ತಿತ್ತು, ಆದರೂ ಬಾಯಿ ಮಾತ್ರ ಬಿಡಲಿಲ್ಲ. ಅವನಪ್ಪನಿಗೂ ಅಜ್ಜನಿಗೂ ಅದೇ ವಯಸ್ಸಿಗೆ ತಲೆ ಬೋಳಾದದ್ದನ್ನು ಅವಳಿಗೆ ನೆನಪಿಸುವ ಧೈರ್ಯ ವನಜಳಿಗೆ ಇರಲಿಲ್ಲ.

ಬುಟ್ಟಿ ಹೊತ್ತು ಕೇರಿ ಸುತ್ತುವ ಹಠದಿಂದ ಇನ್ನೊಂದು ತಾಪತ್ರಯ ಶುರುವಾಯಿತು. ದಾರಿಯಲ್ಲಿ ಸೀತುವಿನ ಗುಡಿಸಲು. ಗಂಡ ಬಿಟ್ಟುಹೋದ ಹೆಂಗಸು, ನಾಲ್ಕು ಮಕ್ಕಳು, ಕೂಲಿ ಇದ್ದ ದಿನ ಒಲೆ. ಒಂದು ದಿನ ಅವಳು ಅಂಗಳದಿಂದಲೇ ಕೂಗಿದಳು.

“ಹ್ವಾಯ್ ಕುಸುಮಕ್ಕ, ಹೊಟ್ಟಿ ತುಂಬ್ದರ್ ಮನಿಗೇ ಹೊತ್ಕಂಡ್ ಹೋತ್ರಿ. ನಮ್ಮ ಮಕ್ಕಳ್ ನಿಮ್ಮ ಕಣ್ಣಿಗೆ ಕಾಂತಿಲ್ಯಾ?”

ಕುಸುಮಾವತಿಗೆ ಮೈ ಉರಿಯಿತು. ಇದು ಹಸಿದವರಿಗೆ ಕೊಡುವ ಅನ್ನ ಅಲ್ಲ, ಇದು ಬೇರೆಯೇ ಲೆಕ್ಕ ಎಂದು ಹೇಳಲಿಕ್ಕಾಗುತ್ತದೆಯೇ? ಬಾಯಿ ಮುಚ್ಚಿಸುವುದಕ್ಕೆ ಅರ್ಧ ಬಸಳೆ ಅಲ್ಲಿ ಇಳಿಸಿದಳು. ಮಾರನೆಯ ದಿನ ಆ ಮಕ್ಕಳು ದಾರಿ ಕಾಯುತ್ತಿದ್ದವು. ಹೀಗೆ ವೈರಿಗೆ ಒಂದು ಪಾಲು, ಸೀತುವಿಗೆ ಒಂದು ಪಾಲು ಎಂದಾಗಿ, ಮುಂದೆ ಸೀತುವಿನಂಥವರು ಮತ್ತೂ ಮೂರು ಮನೆಯವರು ಸೇರಿಕೊಂಡರು. ಹಿತ್ತಿಲು ಸಾಲದೆ ಕುಸುಮಾವತಿ ಗುಡ್ಡೆಯ ಬುಡದಲ್ಲೂ ಬಳ್ಳಿ ಹಬ್ಬಿಸಿದಳು. ಬೈದುಕೊಂಡೇ ನೀರು ಹೊರುತ್ತಿದ್ದಳು, ಬೈದುಕೊಂಡೇ ಹಂಚುತ್ತಿದ್ದಳು, ಆದರೆ ಹಂಚುವುದನ್ನು ನಿಲ್ಲಿಸಲಿಲ್ಲ.

ಪ್ರಾರ್ಥನೆಯೂ ಹಾಗೆಯೇ ಹತ್ತಿಕೊಂಡಿತು. ದಿನಾ ಬೆಳಿಗ್ಗೆ ಒಲೆಯ ಬೂದಿ ಕೆದಕುವಾಗ, ಕರ್ತನೇ, ಕೆಂಡ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಿದ್ದಳು. ಒಂದು ದಿನ ತಪ್ಪಿದರೂ ಅಷ್ಟೂ ವರ್ಷದ ಕೆಂಡ ಆರಿಹೋದರೆ ಎಂಬ ಭಯ. ಪಾದ್ರಿಗಳು ಬದಲಾದರು, ಹೊಸಬರು ಈ ಮಾತು ತಪ್ಪು ಹೇಳಿದರೆ ಎಂಬ ಸಂಶಯಕ್ಕೆ, ವನಜಳ ಹಳೆಯ ಪಾಠಪುಸ್ತಕ ಹಿಡಿದು ಮೂವತ್ತೇಳನೇ ವಯಸ್ಸಿನಲ್ಲಿ ಅಕ್ಷರ ಕಲಿತಳು. ಆ ವಾಕ್ಯವನ್ನು ಬೆರಳಿಟ್ಟು ತಾನೇ ಓದಿದಳು. ಅದರ ಹಿಂದೆಯೇ ಇನ್ನೊಂದು ಮಾತಿತ್ತು: ಸೇಡು ತೀರಿಸುವುದು ದೇವರ ಕೆಲಸ, ನೀವು ಕೈಹಾಕಬೇಡಿ ಎಂದು. ಅವಳು ಅದನ್ನೂ ಎರಡು ಸಲ ಓದಿದಳು. ಸರಿಯಾಯಿತು ಬಿಡು, ಕೆಂಡ ದೇವರದು, ಗಂಜಿ ನನ್ನದು ಎಂದು ಪುಸ್ತಕ ಮುಚ್ಚಿದಳು.

ಅರವತ್ತಮೂರನೇ ಇಸವಿಯಲ್ಲಿ ವನಜಳಿಗೆ ಬೈಂದೂರಿನ ಕಡೆ ಮದುವೆಯಾಯಿತು. ಕುಂದಾಪುರದ ಎರಡು ಸಂಬಂಧಗಳು ಕುಂಬಳಕಾಯಿಯ ಸುದ್ದಿ ಮುಟ್ಟಿದ ಕೂಡಲೇ ಮುರಿದಿದ್ದವು. ಈ ಮನೆಯವರು ಮಾತ್ರ ಏನೂ ಕೇಳದೆ ಒಪ್ಪಿಕೊಂಡಿದ್ದರು. ನಾಲ್ಕು ವರ್ಷದ ಮೇಲೆ ಮೊಮ್ಮಗುವನ್ನು ನೋಡಲು ಕುಸುಮಾವತಿ ಬಸ್ಸು ಹತ್ತಿ ಹೋದಳು. ಬೀಗಿತಿ ಅಪ್ಪಿ ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಆ ಮಾತು ಹೇಳಿದಳು.

“ತಪ್ಪ್ ಮಾಡ್ದರ್ ಊರಂಗೆ ರಾಶಿ ಜನ ಇದ್ರ್. ಕದ್ದದ್ದನ್ನ ವರ್ಷ ವರ್ಷ ಹೊತ್ಕಂಡ್ ಹೋಯಿ ತೀರ್ಸುದ್ ಯಾರ್ ಮಾಡ್ತ್ರ್? ಅದನ್ನ್ ಕೇಂಡೇ ನಾವ್ ನಿಮ್ಮ ಹೆಣ್ಣ್ ತಂದದ್ದ್.”

ಕುಸುಮಾವತಿಯ ಕೈಯಲ್ಲಿದ್ದ ಲೋಟದ ಚಹಾ ಹಾಗೇ ಉಳಿಯಿತು. ಕದ್ದದ್ದು ಎಂದು ಯಾರು ಹೇಳಿದರು ಎಂದು ಕೇಳಿದಳು. ಅಪ್ಪಿ ಅಳುಕದೆ ಹೇಳಿದಳು: ಯಾರೂ ಹೇಳುವುದು ಬೇಡ, ನೀವೇ ಹೆಗಲ ಬೂದಿ ತೋರಿಸಿಕೊಂಡು ಊರಿಡೀ ಸುತ್ತುತ್ತೀರಲ್ಲ, ಪಶ್ಚಾತ್ತಾಪ ಎಂದರೆ ಹಾಗಿರಬೇಕು, ನಮ್ಮ ಪಾದ್ರಿಗಳು ಪ್ರಸಂಗದಲ್ಲಿಯೂ ಹೇಳಿದ್ದಾರೆ ಎಂದು.

ಅವಳು ಬೈಂದೂರಿನಿಂದ ಬ್ರಹ್ಮಾವರಕ್ಕೆ ತಿರುಗಿ ಬಸ್ಸು ಹತ್ತಿದಳು. ಕಂಡಕ್ಟರನಿಗೆ ಊರ ಹೆಸರನ್ನೂ ಅವನೇ ಎರಡು ಸಲ ಕೇಳಿದ ಮೇಲೆ ಹೇಳಿದಳು. ಹತ್ತು ವರ್ಷ ವೈರಿಯ ತಲೆಗೆಂದು ಹೊತ್ತ ಕೆಂಡವೆಲ್ಲ ತನ್ನ ತಲೆಯ ಮೇಲೇ ಬಿದ್ದಿತ್ತು. ಪ್ರತಿ ಕುಂಬಳಕಾಯಿಯೂ ಅವಳನ್ನು ಕಳ್ಳಿ ಎಂದು ಸಾರಿಕೊಂಡು ಹೋಗಿತ್ತು. ಮತ್ತು ಆ ಬೋಳುತಲೆಯವನು ಅದು ಗೊತ್ತಿದ್ದೂ ಉಂಡು ತೇಗಿದ್ದ. ಆ ವರ್ಷ ಕಾಯಿ ಬಳ್ಳಿಯಲ್ಲೇ ಕೊಳೆಯಿತು. ಪ್ರೇಮಾನಂದನ ಮನೆಗೆ ಒಂದು ಕರಿಬೇವಿನ ಎಲೆಯೂ ಹೋಗಲಿಲ್ಲ. ಸೀತುವಿನ ಪಾಲನ್ನು ಮಾತ್ರ ಅವಳು ನಿಲ್ಲಿಸಲಿಲ್ಲ, ಆ ಮಕ್ಕಳು ಏನು ಮಾಡಿದ್ದವು? ಊರು ಏನೆಂದಿತು ಗೊತ್ತೇ? ಕುಸುಮಕ್ಕನ ಋಣ ತೀರಿತು ಎಂದಿತು. ಕೊಟ್ಟರೂ ಕಳ್ಳಿ, ಬಿಟ್ಟರೂ ಕಳ್ಳಿ.

ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ಸುಂದರಿ ತೀರಿಕೊಂಡಳು. ಏಣಿಯ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಮಣ್ಣಿಗೆ ಹೋದಳು. ಮರು ವರ್ಷದ ಮಳೆಗಾಲದಲ್ಲಿ ಪ್ರೇಮಾನಂದನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ತೊದಲಿದರೂ ಮಾತು ಉಳಿಯಿತು. ಸಭೆಯವರು ಸರದಿಯಲ್ಲಿ ಊಟ ತಂದುಕೊಟ್ಟರು. ಎರಡು ವಾರ ಸರದಿ ಸರಿಯಾಗಿ ನಡೆಯಿತು, ಮೂರನೇ ವಾರ ಒಪ್ಪೊತ್ತಿಗೆ ಇಳಿಯಿತು, ನಾಲ್ಕನೇ ವಾರ ಒಬ್ಬರು ಇನ್ನೊಬ್ಬರು ಕೊಟ್ಟಿರಬಹುದು ಎಂದುಕೊಂಡರು. ಬೇಲಿಯ ಈಚೆ ಕುಸುಮಾವತಿಗೆ ಅವನ ಮನೆಗೆ ಯಾರೂ ಊಟ ತಾರದಿರುವುದು ಕಾಣುತ್ತಿತ್ತು. ಎರಡು ದಿನ ನೋಡಿದಳು. ಮೂರನೆಯ ದಿನ ಗಂಜಿ, ಕುಂಬಳಕಾಯಿ ಹುಳಿ ತೆಗೆದುಕೊಂಡು, ಮೊದಲ ಸಲ ಬೇಲಿ ದಾಟಿಯೇ ಹೋದಳು. ಕರುಣೆ ಬಂತು ಎಂದುಕೊಳ್ಳಬೇಡಿ. ಇಷ್ಟು ಒಳ್ಳೆಯ ಸಂದರ್ಭ ಇನ್ನು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತಟ್ಟೆಯನ್ನು ಅವನ ಎಡಗೈಗೆ ಎಟುಕದಷ್ಟು ದೂರ ಇಟ್ಟು ಕೂತಳು. ಬಿಸಿ ಗಂಜಿಯ ಹಬೆ ಇಬ್ಬರ ನಡುವೆ ಏಳುತ್ತಿತ್ತು. ಅವನು ಕೈ ಚಾಚಿದ.

“ಬೇರ್ ಯಾರ್ ಬದಿದ್?” ಎಂದಳು.

ಅವನು ಮಾಡು ನೋಡಿದ. “ನಿಂದೇ. ನಂಗ್ ಅವತ್ತೇ ಗೊತ್ತಿತ್ತ್.”

“ನಂಗ್ ಹೇಳಿರ್ ಎಂತ ಬಂತ್? ಬೆಳೆಹಬ್ಬದ್ ದಿನ ಇಗರ್ಜಿಯಂಗೆ ಹೇಳ್ಕ್. ಅಲ್ಲಿವರಿಗೆ ಗಂಜಿ ನಂದ್.”

ಅವನು ತಲೆ ಆಡಿಸಿದ ಮೇಲೆಯೇ ತಟ್ಟೆ ಹತ್ತಿರ ಬಂತು. ಹಬ್ಬಕ್ಕೆ ಹುಂಜ ಸಾಕುವ ಹಾಗೆ ಅವಳು ಮೂರು ತಿಂಗಳು ಅವನನ್ನು ಸಾಕಿದಳು. ಮೊಟ್ಟೆ ಕೊಟ್ಟಳು, ಮೀನಿನ ಸಾರು ಕೊಟ್ಟಳು, ಬಿದ್ದ ಕೈಗೆ ಎಣ್ಣೆ ತಿಕ್ಕಿದಳು. ನಾಲಿಗೆ ತೊಡರಬಾರದು ಎಂದು ದಿನಾ ಆ ಮಾತನ್ನು ಅವನಿಂದ ಮೂರು ಸಲ ಹೇಳಿಸುತ್ತಿದ್ದಳು. ಅವನ ಹಾಸಿಗೆ ಒಗೆಯುವಾಗಲೂ ಅವಳ ಮನಸ್ಸಿನಲ್ಲಿದ್ದದ್ದು ನವೆಂಬರಿನ ಆ ಭಾನುವಾರ ಒಂದೇ.

ಆ ಭಾನುವಾರ ಬಂತು. ನಾಲ್ಕು ಜನ ಪ್ರೇಮಾನಂದನನ್ನು ಕುರ್ಚಿಯಲ್ಲಿ ಹೊತ್ತು ತಂದು ಮುಂದೆ ಇಳಿಸಿದರು. ಕುಸುಮಾವತಿ ಹೆಗಲ ಮೇಲೆ ದೊಡ್ಡ ಬೂದುಗುಂಬಳ ತಂದು ವೇದಿಕೆಯ ನಡುವಿಗೆ ಇಟ್ಟು, ಬೂದಿಯ ಹೆಗಲಲ್ಲೇ ಹೆಂಗಸರ ಸಾಲಿನ ಮುಂದೆ ನಿಂತಳು. ವಂದನೆ ಹೇಳುವ ಹೊತ್ತಿಗೆ ಅವನು ಕೈ ಎತ್ತಿ ಮಾತಾಡಬೇಕೆಂದ.

“ಬೇರ್ ಅವ್ಳ್ ಬದಿದ್. ಕಾಯಿ ಅವ್ಳದ್. ಅವತ್ತ್ ಸುಳ್ಳ್ ಹೇಳ್ದನ್ ನಾನ್.”

ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಹದಿನೈದು ವರ್ಷ! ಕುಸುಮಾವತಿ ಜನರ ಕಡೆ ತಿರುಗಿದಳು. ಜನ ಅಳುತ್ತಿದ್ದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಅವಳ ಕೈ ಹಿಡಿದು ಪಿಸುಗುಟ್ಟಿದಳು.

“ಕಾಣ್ ಹೆಣೆ, ಎಂಥಾ ದೊಡ್ಡ ಮನ್ಸ್. ನಿನ್ನ್ ತಪ್ಪನ್ನೂ ತನ್ನ್ ತಲಿ ಮೇಲೆ ಹೊತ್ಕಂಡ್ರ್.”

ಪಾದ್ರಿಗಳೂ ಅದನ್ನೇ ಹೇಳಿದರು: ಸೇವೆ ಮಾಡಿದ ಸಹೋದರಿಯ ಹಳೆಯ ಅವಮಾನವನ್ನು ಅಳಿಸಲು ಹಿರಿಯರು ದೋಷವನ್ನು ತಮ್ಮ ಮೇಲೆ ತೆಗೆದುಕೊಂಡರು, ಇದೇ ಕ್ರಿಸ್ತನ ಪ್ರೀತಿ ಎಂದರು. ಪ್ರೇಮಾನಂದ ತಲೆ ಅಲ್ಲಾಡಿಸಿದ. ಅಲ್ಲ, ನಿಜ, ನಾನು ಸುಳ್ಳುಗಾರ ಎಂದು ಮತ್ತೆ ಮತ್ತೆ ಹೇಳಿದ. ಆತುರಕ್ಕೆ ನಾಲಿಗೆ ತೊಡರಿತು. ಆಗಲಿ, ಆಗಲಿ, ದಣಿಯಬೇಡಿ ಎಂದು ಅವನ ಬೆನ್ನು ಸವರಿ ಸುಮ್ಮನಾಗಿಸಿದರು. ಅವನು ಎಡಗೈಯಿಂದ ಕುರ್ಚಿಯ ತೋಳು ಬಡಿದ. ಮುಖ ಕೆಂಪಾಗಿ, ಬೋಳುತಲೆಯ ತನಕ ರಕ್ತ ಏರಿತು. ಜೀವನದಲ್ಲಿ ಒಂದೇ ಸಲ ಸತ್ಯ ಹೇಳಿದ್ದ, ಅದನ್ನು ನಂಬುವವರು ಒಬ್ಬರೂ ಇರಲಿಲ್ಲ. ಕೊನೆಗೆ ಅವನು ಕುಸುಮಾವತಿಯ ಕಡೆ ನೋಡಿದ. ಅವಳು ಹದಿನೈದು ವರ್ಷ ಕಾದಿದ್ದ ಕೆಂಡ ಕೊನೆಗೂ ಅವನ ತಲೆಯ ಮೇಲೆ ಬಿದ್ದಿತ್ತು. ಅದರ ಉರಿ ಎಂಥದ್ದು ಎಂದು ಆ ಇಗರ್ಜಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು, ಯಾಕೆಂದರೆ ಸತ್ಯ ಹೇಳಿ ನಂಬಿಸಲಾಗದೆ ಅವಳೂ ಅಲ್ಲೇ, ಅದೇ ಜಾಗದಲ್ಲಿ ನಿಂತಿದ್ದಳು.

ಅವಳು ಗೆದ್ದಳೋ ಸೋತಳೋ ಎಂದು ನನ್ನನ್ನು ಕೇಳಬೇಡಿ. ಮನೆಗೆ ಬಂದು ಅವಳು ಸೀರೆ ಒಗೆದು ಹಾಕಿದಳು. ಹೆಸರು ಇನ್ನು ತಿರುಗಿ ಬರುವುದಿಲ್ಲ ಎಂಬುದು ಖಂಡಿತವಾಗಿತ್ತು. ಅವನ ಬಾಯಿಂದ ಹೊರಡಿಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಮಾತಿನ ಪ್ರಕಾರ ಗಂಜಿಯ ಕರಾರೂ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಒಲೆಯ ಬೂದಿ ಕೆದಕಿದಾಗ ಕೆಂಡದ ಸುದ್ದಿ ಕೇಳಲು ಬಾಯಿ ಬರಲಿಲ್ಲ. ಆಮೇಲೆ ಎದ್ದು ಅಕ್ಕಿ ಅಳೆದಳು. ತನ್ನ ಪಾಲು, ಸೀತುವಿನ ಪಾಲು ಹಾಕಿದ ಮೇಲೆ ಕೈ ತಾನಾಗಿ ಮೂರನೇ ಪಾವು ತುಂಬಿ ಸುರಿಯಿತು. ಅವಳು ಅದನ್ನು ಹಿಂದಕ್ಕೆ ತೆಗೆಯಲಿಲ್ಲ.

ಬೇಲಿ ದಾಟಿ ಹೋದಾಗ ಪ್ರೇಮಾನಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಟ್ಟೆಯ ಸದ್ದಿಗೆ ತಿರುಗಿದ.

“ಇನ್ನೆಂತಕ್ ಬಂದೆ? ನಾನ್ ಹೇಳಿ ಆಯ್ತಲೆ.”

ಅವಳಿಗೂ ಅದೇ ಪ್ರಶ್ನೆ ಇತ್ತು. ತಟ್ಟೆಯನ್ನು ಅವನ ಎಡಗೈಯ ಹತ್ತಿರಕ್ಕೆ ಸರಿಸಿದಳು.

“ಗಂಜಿ ಆರ್ತಾ ಇತ್ತ್, ಪ್ರೇಮಾನಂದಣ್ಣ. ಉಣ್ಣಿ.”

ಅವನು ಉಣ್ಣತೊಡಗಿದ. ಅವಳು ಅವನ ತಲೆ ನೋಡುವುದನ್ನು ಅವತ್ತು ಮರೆತಳು. ಹುಳಿಗೆ ಉಪ್ಪು ಸರಿಯಾಗಿದೆಯೋ ಎಂದು ಅವನ ಮುಖ ನೋಡುತ್ತಾ ಕೂತಳು.